ಬರ ತಾಳುವ ಭತ್ತ ಬಂತು ಅಂತಾರೆ, ನಮ್ಮ ಶೇಂಗಾ ಹೊಲಕ್ಕೆ ಯಾವಾಗ?

ಬಯಲುಹೊಲ_ಚಳ್ಳಕೆರೆ
ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು, ಪೂರ್ತಿ ಮಳೆ ನಂಬಿದ ಹೊಲ. ಶೇಂಗಾ ಮುಖ್ಯ, ಅದರೊಳಗೆ ತೊಗರಿ ಅಕ್ಕಡಿ ಸಾಲು, ಒಂದಿಷ್ಟು ಸಜ್ಜೆ. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿದರಲ್ಲ, ಆಗಿನಿಂದ ನಮ್ಮೂರ ಕಟ್ಟೆ ಮೇಲೆ ಇದೇ ಮಾತು. ಬರ ತಾಳುವ ಬೆಳೆ ಬಂದೇ ಬಿಡ್ತು ಅಂತ ಒಬ್ಬರು, ವಿಷ ಬಂತು ಅಂತ ಇನ್ನೊಬ್ಬರು.

2023 ನೆನಪು ಮಾಡ್ಕೊಳ್ಳಿ. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ನಮ್ಮ ಶೇಂಗಾ ಹಸಿರಾಗೇ ಇತ್ತು, ಹೂವೂ ಚೆನ್ನಾಗಿ ಬಿಟ್ಟಿತ್ತು. ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. ಹೂವಿನ ಬುಡದಿಂದ ಇಳಿದ ಸೂಜಿಯಂಥ ಕುಡಿ ಮಣ್ಣಿನೊಳಗೆ ಹೊಕ್ಕರೆ ತಾನೇ ಕಾಯಿ ಆಗೋದು? ನೆಲ ಬಿರುಸಾಗಿ ಹೋಗಿತ್ತು, ಕುಡಿಗಳೆಲ್ಲ ಮಣ್ಣಿನ ಮೇಲೇ ಕಪ್ಪಾಗಿ ಒಣಗಿ ನಿಂತವು. ಆಮೇಲೆ ಮಳೆ ಬಂದಾಗ ಗಿಡ ಮತ್ತೆ ಚಿಗುರಿತು. ಕಿತ್ತು ನೋಡಿದರೆ ಎರಡೋ ಮೂರೋ ಕಾಯಿ, ಅದರಲ್ಲೂ ಅರ್ಧ ಜೊಳ್ಳು. ಗಿಡ ಸಾಯಲಿಲ್ಲ, ಬೆಳೆ ಸತ್ತಿತು.

ಕೇಳಬೇಕಾಗಿರೋದು ಇಷ್ಟೇ. ಈ ತಂತ್ರಜ್ಞಾನ ನಮ್ಮಂಥ ಹೊಲಕ್ಕೆ ಏನಾದರೂ ಮಾಡುತ್ತಾ? ಮೊದಲು ಭತ್ತಕ್ಕೇ ಯಾಕೆ ಮಾಡಿದರು, ಅದಂತೂ ನೀರಿನ ಬೆಳೆ? ಬೀಜ ನಾವು ಎತ್ತಿಟ್ಟುಕೊಳ್ಳಬಹುದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ರೊಟ್ಟಿಪ್ರಿಯ_ವಿಜಯಪುರ
ಮಳೀನೇ ಬರ್ಲಿಲ್ಲಂದ್ರ ಯಾವ ಜೀನ್ ಏನ್ ಮಾಡ್ತೈತ್ರಿ ಅಣ್ಣಾರ. ಮದ್ಲ ಕೃಷಿ ಹೊಂಡ, ಬದು. ಆಮ್ಯಾಲೆ ಬೀಜದ ಮಾತು.

ಎಲೆಮರೆ
ನಾನು ಸಸ್ಯ ಶರೀರಕ್ರಿಯಾಶಾಸ್ತ್ರ ಓದಿದವಳು, ಬೆಂಗಳೂರಲ್ಲಿ ಕೆಲಸ. ಗೊತ್ತಿರೋದನ್ನ ಹೇಳ್ತೀನಿ.

ಎರಡು ತಳಿ ಬೇರೆ ಬೇರೆ ಉದ್ದೇಶದವು. ಒಂದು ಡಿಆರ್‌ಆರ್ ಧಾನ್ 100, ಹೆಸರು ಕಮಲಾ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯದು. ನಮ್ಮ ಕಡೆ ಬಿಪಿಟಿ ಅಂತ ಕರೆಯೋ ಸಾಂಬಾ ಮಸೂರಿಯಲ್ಲಿ ಒಂದು ಜೀನನ್ನು ಕೆಲಸ ಮಾಡದ ಹಾಗೆ ಮಾಡಿದ್ದಾರೆ. ಅದರಿಂದ ತೆನೆಯಲ್ಲಿ ಕಾಳು ಹೆಚ್ಚು, ಕಟಾವು ಸುಮಾರು 20 ದಿನ ಬೇಗ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1, ದೆಹಲಿಯ ಪೂಸಾ ಸಂಸ್ಥೆಯದು. ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ಅನ್ನೋ ಜೀನನ್ನು ನಿಲ್ಲಿಸಿದ್ದಾರೆ. ಎಲೆಯ ಮೇಲೆ ಗಾಳಿ ಒಳಗೆ ಬಿಟ್ಟು ನೀರಾವಿ ಹೊರಗೆ ಬಿಡೋ ಸಣ್ಣ ಸಣ್ಣ ಪತ್ರರಂಧ್ರ ಇರುತ್ತವಲ್ಲ, ಆ ಜೀನ್ ನಿಂತರೆ ರಂಧ್ರಗಳ ಸಂಖ್ಯೆ ಕಡಿಮೆಯಾಗುತ್ತೆ, ಗಿಡ ನೀರು ಉಳಿಸುತ್ತೆ.

ಎರಡರಲ್ಲೂ ಹೊರಗಿನ ಜೀನ್ ಉಳಿದಿಲ್ಲ. ಗಿಡದ್ದೇ ಜೀನಿಗೆ ಒಂದು ಸಣ್ಣ ಕತ್ತರಿ ಬಿದ್ದಿದೆ, ಅಷ್ಟೇ. ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದರು, ಅದು ಕುಲಾಂತರಿ. ಇದು ಆ ಜಾತಿಯದಲ್ಲ. ಹಾಗಾಗಿ 2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ತಿದ್ದುಪಡಿಯನ್ನು ಕುಲಾಂತರಿ ನಿಯಮಗಳ ಮುಖ್ಯ ಭಾಗದಿಂದ ಹೊರಗಿಟ್ಟಿತು.

ಇನ್ನೊಂದು ಮುಖ್ಯ ವಿಷಯ. ಡಿಎಸ್‌ಟಿ ಭತ್ತದ ಬಗ್ಗೆ ಸರ್ಕಾರ ಕೊಟ್ಟ ಅಂಕಿ, ಅಂದರೆ ಶೇ. 9.66ರಿಂದ 30.4ರಷ್ಟು ಹೆಚ್ಚು ಇಳುವರಿ, ಅದು ಉಪ್ಪು ಮತ್ತು ಕ್ಷಾರ ಮಣ್ಣಿನದು. ಬರದ್ದಲ್ಲ. ಬರಕ್ಕೆ ಅಂತ ಸುದ್ದಿ ಮಾಡಿದವರು ಆ ವ್ಯತ್ಯಾಸ ಬಿಟ್ಟೇಬಿಟ್ಟರು.

ಕಾವೇರಿತಡಿ
ಎಲೆಮರೆ ಮೇಡಂ, ಚೆನ್ನಾಗಿ ವಿವರಿಸಿದ್ದೀರಿ, ಆದರೆ ಹೊರಗಿಟ್ಟಿತು ಅನ್ನೋ ಒಂದು ಪದದಲ್ಲಿ ದಾಟಿಬಿಟ್ರಿ. ಅಲ್ಲೇ ನನ್ನ ತಕರಾರು ಇರೋದು. ಹಳೇ ನಿಯಮದಲ್ಲಿ ಜೆನೆಟಿಕ್ ಇಂಜಿನಿಯರಿಂಗ್ ಅನುಮೋದನಾ ಸಮಿತಿ ಮುಂದೆ ಹೋಗಬೇಕಿತ್ತು, ಸಾರ್ವಜನಿಕರಿಗೆ ಕೇಳೋ ಅವಕಾಶ ಇತ್ತು. ಈಗ ಸಂಶೋಧನೆ ಮಾಡಿದ ಸಂಸ್ಥೆಯೊಳಗಿನ ಸುರಕ್ಷತಾ ಸಮಿತಿ ಹೊರಗಿನ ಡಿಎನ್‌ಎ ಇಲ್ಲ ಅಂತ ನೋಡಿ ಮುಂದೆ ಕಳಿಸುತ್ತೆ. ಮಾಡಿದವರೇ ಪರೀಕ್ಷಕರು ಆದರೆ ಹೇಗೆ? ಕತ್ತರಿ ಬೇಕಾದ ಜಾಗ ಬಿಟ್ಟು ಬೇರೆ ಕಡೆ ಬೀಳಬಹುದು ಅಂತ ವಿಜ್ಞಾನಿಗಳೇ ಒಪ್ಪುತ್ತಾರೆ.

ಬಿಟಿ ಹತ್ತಿಯಲ್ಲೂ 2002ರಲ್ಲಿ ಇಷ್ಟೇ ಭರವಸೆ ಕೊಟ್ಟರು. ಎಂಟು ವರ್ಷದೊಳಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಹುಳ ಮೊದಲ ಬಿಟಿಗೆ ಒಗ್ಗಿಕೊಂಡಿತು. ಆಮೇಲೆ ಎರಡನೇ ಬಿಟಿಗೂ ಒಗ್ಗಿಕೊಂಡಿತು. ಈಗ ರಾಯಚೂರು ಕಡೆ ಹತ್ತಿ ಬೆಳೆಯೋರನ್ನ ಕೇಳಿ, ಔಷಧಿ ಹೊಡೆಯೋದು ನಿಂತಿದೆಯಾ ಅಂತ. ಟೊಮೆಟೊಗೆ ಮೀನಿನ ಜೀನ್ ಹಾಕಿ ಚಳಿ ತಡೆಯೋ ಹಾಗೆ ಮಾಡಿ ಮಾರಿದ ಜನ ಇವರು. ನಂಬೋಕೆ ಮುಂಚೆ ಪ್ರಶ್ನೆ ಕೇಳೋದು ನಮ್ಮ ಹಕ್ಕು.

ಕಬ್ಬಿನಗದ್ದೆ_ಮಂಡ್ಯ
ಮೀನು ಟೊಮೆಟೊ ನಿಜವಾ? ನಮ್ಮ ಮನೇಲಿ ಸಸ್ಯಾಹಾರಿಗಳು ಕಣಣ್ಣ, ಅದಕ್ಕೆ ಕೇಳ್ತಾ ಇರೋದು.

ಎಲೆಮರೆ
ಮಾರಿಲ್ಲ. ಕ್ಯಾಲಿಫೋರ್ನಿಯಾದ ಒಂದು ಕಂಪನಿ ಚಳಿ ಸಮುದ್ರದ ಫ್ಲೌಂಡರ್ ಮೀನಿನ ಜೀನ್ ಟೊಮೆಟೊದಲ್ಲಿ ಹಾಕಿ 1991ರಲ್ಲಿ ಹೊಲದ ಪರೀಕ್ಷೆ ಮಾಡಿತ್ತು. ಹಿಮ ತಡೆಯೋ ಗುಣ ನಿರೀಕ್ಷಿಸಿದ ಹಾಗೆ ಬರಲಿಲ್ಲ, ಮಾರುಕಟ್ಟೆಗೆ ಬರಲೇ ಇಲ್ಲ. 1994ರಲ್ಲಿ ಅಮೆರಿಕದ ಅಂಗಡಿಗೆ ಬಂದ ಫ್ಲೇವರ್ ಸೇವರ್ ಟೊಮೆಟೊ ಬೇರೆಯದು, ಅದರಲ್ಲಿ ಮೀನಿನದು ಏನೂ ಇರಲಿಲ್ಲ, ಬೇಗ ಮೆತ್ತಗಾಗದ ಹಾಗೆ ಮಾಡಿದ್ದು. ಎರಡನ್ನೂ ಸೇರಿಸಿ ಒಂದೇ ಕತೆ ಮಾಡಿಬಿಟ್ಟಿದ್ದಾರೆ.

ಚಳಿ ವಿಷಯ ಬಂತು ಅಂತ ಹೇಳ್ತೀನಿ. ಜೀನ್ ಬದಲಿಸಿದ ಜೀವಿಯನ್ನು ಅಧಿಕೃತವಾಗಿ ಬಯಲಿಗೆ ಬಿಟ್ಟ ಮೊದಲ ಪರೀಕ್ಷೆಯೇ ಚಳಿಗೆ ಸಂಬಂಧಪಟ್ಟದ್ದು. 1987, ಕ್ಯಾಲಿಫೋರ್ನಿಯಾ, ಸ್ಟ್ರಾಬೆರಿ ಹೊಲ. ಎಲೆ ಮೇಲೆ ವಾಸ ಮಾಡೋ ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಇದೆ, ಅದರ ಮೈಮೇಲಿನ ಒಂದು ಪ್ರೊಟೀನ್ ಹಿಡಿದುಕೊಂಡು ನೀರು ಬೇಗ ಮಂಜುಗಡ್ಡೆ ಆಗುತ್ತೆ. ಆ ಪ್ರೊಟೀನಿನ ಜೀನ್ ತೆಗೆದ ಬ್ಯಾಕ್ಟೀರಿಯಾ ಸಿಂಪಡಿಸಿದರೆ ಸೊನ್ನೆಗಿಂತ ಕೆಳಗೆ ಕೆಲವು ಡಿಗ್ರಿ ಇಳಿದರೂ ಎಲೆ ಹೆಪ್ಪುಗಟ್ಟುವುದಿಲ್ಲ. ಅಲ್ಲಿಯೂ ಆಗ ವಿರೋಧಿಗಳು ರಾತ್ರೋರಾತ್ರಿ ಗಿಡ ಕಿತ್ತು ಹಾಕಿದ್ದರು. ಆ ಔಷಧಿಯೂ ಮಾರುಕಟ್ಟೆ ಸೇರಲಿಲ್ಲ.

ಕಾವೇರಿತಡಿ ಅವರೇ, ಸಂಸ್ಥೆಯೊಳಗಿನ ಸಮಿತಿ ಬಗ್ಗೆ ನಿಮ್ಮ ಮಾತು ನಾನು ಒಪ್ಪುತ್ತೇನೆ. ಪರೀಕ್ಷೆಯ ಪೂರ್ತಿ ದತ್ತಾಂಶ ವೆಬ್‌ಸೈಟಿನಲ್ಲಿ ಹಾಕಬೇಕು. ಆದರೆ ಗುಲಾಬಿ ಕಾಯಿಕೊರಕದ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ಹುಳ ವಿಷಕ್ಕೆ ಒಗ್ಗಿಕೊಳ್ಳುತ್ತೆ, ಬರಗಾಲ ಯಾವ ಜೀನಿಗೂ ಒಗ್ಗಿಕೊಳ್ಳುವುದಿಲ್ಲ.

ಸಿಂಧನೂರು_ಭತ್ತ
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ತುಂಗಭದ್ರಾ ಎಡದಂಡೆ, ಕಾಲುವಿ ಕೊನಿ ಭಾಗ. ಚಳ್ಳಕೆರೆ ಅಣ್ಣಾವ್ರು ಭತ್ತಕ್ಕ ಯಾಕ ಅಂತ ಕೇಳ್ಯಾರ. ನಮಗೂ ನೀರಿನ ಬರ ಐತ್ರಿ, ಆದ್ರ ಬ್ಯಾರೆ ತರದ್ದು. ಮ್ಯಾಲಿನವರು ಎರಡು ಬೆಳಿ ಹಾಕ್ಕೊಂಡು ನೀರು ಹಿಡದ್ರಂದ್ರ ನಮ್ಮ ಗದ್ದಿಗೆ ತೆನಿ ಹಾಲು ಕಟ್ಟೋ ಹೊತ್ತಿಗೆ ಕಾಲುವಿ ಬಂದ್. ಬಿಪಿಟಿ ಐದು ತಿಂಗಳ ಬೆಳಿ. 20 ದಿನ ಮದ್ಲ ಕಟಾವಿಗೆ ಬಂದ್ರ ಕೊನೀ ಎರಡು ನೀರು ಉಳೀತಾವ, ಬೆಳಿ ಕೈಗೆ ಬರ್ತೈತಿ. ಅಷ್ಟಾದ್ರೂ ಸಾಕು ನಮಗ.

ಎರಡನೇದು ಸವಳು. ವರ್ಷಾನುಗಟ್ಲೆ ನೀರು ನಿಲ್ಲಿಸಿ ನಿಲ್ಲಿಸಿ ನಮ್ಮ ತೆಗ್ಗಿನ ಹೊಲ ಬಿಳಿ ಬಿಳಿ ಆಗ್ಯಾವ. ಬ್ಯಾಸಗಿ ಒಳಗ ನೋಡಿದ್ರ ಸುಣ್ಣ ಚೆಲ್ಲಿದಂಗ ಕಾಣ್ತೈತಿ. ಸಸಿ ನಾಟಿ ಮಾಡಿದ್ರ ಎಲಿ ತುದಿ ಸುಟ್ಟು, ಅಲ್ಲಲ್ಲಿ ತೇಪೆ ತೇಪೆ ಖಾಲಿ. ಉಪ್ಪು ತಡಿಯೋ ಭತ್ತ ಅಂದ್ರ ನಾ ಮದ್ಲ ಓಡಿ ಹೋಗಿ ತರ್ತೀನಿ.

ಮೇಡಂ, ಚಳಿ ಬಗ್ಗೆ ಒಂದು ಕೇಳ್ತೀನ್ರಿ. ಬ್ಯಾಸಗಿ ಬೆಳಿಗೆ ಡಿಸೆಂಬರ್‌ದಾಗ ಸಸಿಮಡಿ ಹಾಕ್ತೀವಿ. ರಾತ್ರಿ ಥಂಡಿಗೆ ಸಸಿ ಹಳದಿ ಬಿದ್ದು ಏಳಂಗೇ ಇಲ್ಲ. ಕೆಲವರು ಸಂಜೀಗೆ ನೀರು ಕಟ್ಟಿ ಮುಂಜಾನೆ ಬಿಡ್ತಾರ, ಕೆಲವರು ಪ್ಲಾಸ್ಟಿಕ್ ಹಾಳಿ ಹೊದಿಸ್ತಾರ. ಚಳಿ ತಡಿಯೋ ಭತ್ತನೂ ಐತೇನ್ರಿ?

ಎಲೆಮರೆ
ಒಳ್ಳೇ ಪ್ರಶ್ನೆ. ಸಂಜೆ ನೀರು ಕಟ್ಟೋದು ಸರಿಯಾದ ಉಪಾಯವೇ. ನಿಂತ ನೀರು ರಾತ್ರಿ ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ, ಬುಡ ಬೆಚ್ಚಗಿರುತ್ತೆ.

ಜೀನ್ ವಿಷಯಕ್ಕೆ ಬಂದರೆ, ಭತ್ತದಲ್ಲಿ ಚಳಿ ಗುರುತಿಸೋ ಕೋಲ್ಡ್1 ಅನ್ನೋ ಜೀನನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಚಳಿ ಪ್ರದೇಶದ ಜಪೋನಿಕಾ ಭತ್ತದಲ್ಲಿ ಅದರ ಒಂದು ರೂಪ ಇದೆ, ನಮ್ಮ ಇಂಡಿಕಾ ತಳಿಗಳಲ್ಲಿರೋದು ಬೇರೆ ರೂಪ. ಆದರೆ ಅಂಥ ತಿದ್ದುಪಡಿಯ ತಳಿ ನಮ್ಮ ರೈತರ ಕೈಗೆ ಬಂದಿಲ್ಲ.

ಬರ ಮತ್ತು ಚಳಿ ಗಿಡದೊಳಗೆ ಅಣ್ಣ ತಮ್ಮಂದಿರ ಹಾಗೆ. ಬರದಲ್ಲಿ ಜೀವಕೋಶಕ್ಕೆ ನೀರು ಸಿಗುವುದಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲಿ ಕೋಶದ ಹೊರಗೆ ಮಂಜುಗಡ್ಡೆ ಕಟ್ಟಿ ಒಳಗಿನ ನೀರನ್ನು ಎಳೆದುಕೊಳ್ಳುತ್ತೆ. ಎರಡೂ ಕಡೆ ಕೋಶ ಒಣಗುತ್ತೆ. ಉಪ್ಪು ಮಣ್ಣಲ್ಲೂ ಹೆಚ್ಚುಕಡಿಮೆ ಅದೇ ಪಾಡು. ಹಾಗಾಗಿ ಗಿಡಗಳಲ್ಲಿ ಈ ಕಷ್ಟಗಳಿಗೆಲ್ಲ ಏಳೋ ಜೀನ್‌ಗಳಲ್ಲಿ ಎಷ್ಟೋ ಸಮಾನ. ಅವನ್ನು ಎಬ್ಬಿಸುವ ಯಜಮಾನ ಜೀನ್‌ಗಳ ಗುಂಪಿಗೆ ಡ್ರೆಬ್ ಅಂತ ಹೆಸರು. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಅದರಲ್ಲಿ ಒಂದನ್ನು ಸದಾ ಎದ್ದಿರೋ ಹಾಗೆ ಮಾಡಿದರು. ಗಿಡ ಬರ, ಚಳಿ, ಉಪ್ಪು ಎಲ್ಲವನ್ನೂ ತಡೆಯಿತು, ಆದರೆ ಕುಳ್ಳಾಗಿಬಿಟ್ಟಿತು. ಆಮೇಲೆ ಕಷ್ಟ ಬಂದಾಗ ಮಾತ್ರ ಏಳೋ ಹಾಗೆ ಸ್ವಿಚ್ ಬದಲಿಸಿದರು, ಕುಳ್ಳತನ ಬಹುಪಾಲು ಹೋಯಿತು.

ಬಯಲುಹೊಲ_ಚಳ್ಳಕೆರೆ
ಮೇಡಂ, ಈ ಡ್ರೆಬ್ಬು ಶೇಂಗಾದಲ್ಲಿ ಯಾರೂ ನೋಡಿಲ್ವಾ?

ಎಲೆಮರೆ
ನೋಡಿದ್ದಾರೆ, ಅದೂ ಪಕ್ಕದಲ್ಲೇ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ 2000ದ ದಶಕದಲ್ಲೇ ಡ್ರೆಬ್1ಎ ಹಾಕಿದ ಶೇಂಗಾ ಮಾಡಿದ್ದರು, ಬೇಕಾದಾಗ ಮಾತ್ರ ಏಳೋ ಸ್ವಿಚ್ ಜತೆಗೆ. ಕೆಲವು ಸಾಲುಗಳು ಕಡಿಮೆ ನೀರಲ್ಲಿ ಹೆಚ್ಚು ಬೆಳೆದವು, ಬೇರು ಆಳಕ್ಕೆ ಇಳಿಯಿತು. ರೈತರ ಹೊಲಕ್ಕೆ ಮಾತ್ರ ಇಂದಿಗೂ ಬಂದಿಲ್ಲ. ಅದು ಹೊರಗಿನ ಜೀನ್ ಇರೋ ಕುಲಾಂತರಿ, ಅನುಮತಿ ದಾರಿ ಉದ್ದ. 2010ರ ಬಿಟಿ ಬದನೆ ಗಲಾಟೆ ಆದಮೇಲೆ ತಿನ್ನೋ ಬೆಳೆಗೆ ಆ ದಾರಿ ಇನ್ನೂ ಕಷ್ಟವಾಯಿತು.

ಬಯಲುಹೊಲ_ಚಳ್ಳಕೆರೆ
ಅಂದರೆ ಇಪ್ಪತ್ತು ವರ್ಷದ ಹಿಂದೆಯೇ ಗಿಡ ಇತ್ತು, ನಮಗೆ ಸುದ್ದಿಯೂ ಬರಲಿಲ್ಲ. ಓದಿ ಹೊಟ್ಟೆ ಉರೀತು.

ನಿವೃತ್ತ_ಕೃಷಿ_ಅಧಿಕಾರಿ
ಸ್ವಲ್ಪ ತಾಳ್ಮೆಯಿಂದ ಕೇಳಿ. ನಾನು ವಿಸ್ತರಣೆಯಲ್ಲೇ ಸರ್ವೀಸ್ ಮುಗಿಸಿದವನು. ಶೇಂಗಾ ಬಾರದಿರೋಕೆ ಅನುಮತಿ ಒಂದೇ ಕಾರಣ ಅಲ್ಲ. ಎಕರೆಗೆ 40-50 ಕೆಜಿ ಕಾಳು ಬಿತ್ತಬೇಕು. ಒಂದು ಗಿಡದಿಂದ ಸಿಗೋ ಬೀಜ ಕಡಿಮೆ, ಹಾಗಾಗಿ ಬೀಜೋತ್ಪಾದನೆ ನಿಧಾನ. ತನ್ನದೇ ಪರಾಗದಿಂದ ಕಾಯಿ ಕಟ್ಟೋ ಬೆಳೆ, ರೈತರು ಮನೆ ಬೀಜ ಇಡ್ತಾರೆ. ಯಾವ ಕಂಪನಿಗೆ ಲಾಭ? ಚಿತ್ರದುರ್ಗ, ಪಾವಗಡ ಕಡೆ ಈಗಲೂ ಹುಡುಕಿ ಹುಡುಕಿ ಬಿತ್ತೋದು ಟಿಎಂವಿ 2. ಅದು 1940ರ ತಳಿ! ನಡುವೆ ಎಷ್ಟೋ ಒಳ್ಳೇ ತಳಿ ಬಂದವು. ಧಾರವಾಡದ ಜಿಪಿಬಿಡಿ 4 ತುಕ್ಕು ರೋಗ, ಎಲೆಚುಕ್ಕೆ ತಡೆಯುತ್ತೆ. ಬೀಜ ಸಾಕಷ್ಟು ಸಿಗದೆ ಹಳ್ಳಿ ಹಳ್ಳಿಗೆ ಹಬ್ಬಲಿಲ್ಲ. ಜೀನ್ ತಿದ್ದಿದ ಶೇಂಗಾ ನಾಳೆ ಬಂದರೂ ಇದೇ ಗೋಡೆಗೆ ತಲೆ ಹೊಡೆಯುತ್ತೆ.

ಇನ್ನು ಬರ ತಾಳೋ ಗುಣಕ್ಕೆ ಜೀನ್ ಕತ್ತರಿಸಲೇಬೇಕು ಅಂತಿಲ್ಲ. ವಿಜಯಪುರದ ಎರೆ ಹೊಲದ ಹಿಂಗಾರಿ ಜೋಳ ಎಂ 35-1, ಮಾಲ್ದಂಡಿ. 1930ರ ದಶಕದಲ್ಲಿ ಸೊಲ್ಲಾಪುರದ ಮೊಹೋಳದಲ್ಲಿ ನಾಟಿ ಜೋಳದಿಂದ ಆರಿಸಿದ್ದು. ಬಿತ್ತಿದ ಮೇಲೆ ಮಳೆ ಬರದಿದ್ದರೂ ನೆಲದ ಹಸಿಯಲ್ಲೇ ತೆನೆ ಕೊಡುತ್ತೆ. ನಮ್ಮ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡ ಹಾಯಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಹೂವು ಎಷ್ಟು ಸಣ್ಣದು ಗೊತ್ತಾ? ಅದರಲ್ಲಿ ಕೈಯಿಂದ ಸಂಕರ ಮಾಡೋದು ಅಂದರೆ ತಪಸ್ಸು. ರಾಜ್ಯದ ರಾಗಿ ಇಳುವರಿ ಏರಿದ್ದು ಆ ಕೆಲಸದಿಂದ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಎಸ್ 946-1 ಏರೋಬಿಕ್ ಭತ್ತ 2007ರಲ್ಲೇ ಬಂತು, ಕೆಸರುಗದ್ದೆ ಬೇಡ, ರಾಗಿ ಹಾಗೆ ಒಣ ನೆಲಕ್ಕೆ ಬಿತ್ತಬಹುದು. ಅದನ್ನು ಮಾಡಿದ್ದು ಡಿಎನ್‌ಎ ಗುರುತು ನೋಡಿ ಆರಿಸೋ ವಿಧಾನದಿಂದ, ಕುಲಾಂತರಿ ಅಲ್ಲ.

ಕಾವೇರಿತಡಿ
ಸರ್, ಇದನ್ನೇ ನಾನೂ ಹೇಳ್ತಾ ಇರೋದು. ಇರೋದನ್ನ ಹಬ್ಬಿಸೋಕೆ ಆಗದವರು ಹೊಸದಕ್ಕೆ ಕೋಟಿ ಕೋಟಿ ಸುರೀತಾರೆ.

ಎಲೆಮರೆ
ಅಧಿಕಾರಿಗಳು ಹೇಳಿದ್ದು ಪೂರ್ತಿ ಸರಿ. ಆದರೆ ಎರಡನ್ನೂ ಎದುರಾಳಿ ಮಾಡಬೇಡಿ ಅಂತ ಕೇಳಿಕೊಳ್ತೀನಿ. ಒಡಿಶಾದ ಒಂದು ನಾಟಿ ಭತ್ತದಲ್ಲಿ ಮುಳುಗಡೆ ತಡೆಯೋ ಸಬ್1ಎ ಜೀನ್ ಸಿಕ್ಕಿತು, ಅದನ್ನು ಗುರುತು ಹಿಡಿದು ಸ್ವರ್ಣ ತಳಿಗೆ ದಾಟಿಸಿದರು, 2009ರಲ್ಲಿ ಸ್ವರ್ಣ ಸಬ್1 ಬಂತು. ಎರಡು ವಾರ ನೀರೊಳಗಿದ್ದರೂ ಎದ್ದು ನಿಲ್ಲುತ್ತೆ. ಕುಲಾಂತರಿ ಅಲ್ಲವೇ ಅಲ್ಲ. ಆದರೆ ಯಾವ ಜೀನ್ ಅಂತ ಹುಡುಕೋಕೆ ಜೀನ್ ವಿಜ್ಞಾನವೇ ಬೇಕಾಯಿತು. ಮುಳುಗಡೆಗೆ ಒಂದೇ ಜೀನ್ ಬಹುಪಾಲು ಕೆಲಸ ಮಾಡುತ್ತೆ. ಬರಕ್ಕೆ ಹಾಗಿಲ್ಲ. ಬೇರು, ಎಲೆ, ಹೂವು ಬಿಡೋ ಹೊತ್ತು, ಕಾಳು ತುಂಬೋ ಹೊತ್ತು, ಎಲ್ಲದರಲ್ಲೂ ಹತ್ತಾರು ಜೀನ್ ಪಾಲು ಇದೆ.

ಚಳ್ಳಕೆರೆಯವರು ಮೊದಲ ಪೋಸ್ಟಿನಲ್ಲಿ ಬರೆದ ಸಾಲು ನಮ್ಮ ಲ್ಯಾಬಿನ ಗೋಡೆ ಮೇಲೆ ಬರೆದು ಹಾಕಬೇಕು. ಗಿಡ ಸಾಯಲಿಲ್ಲ, ಬೆಳೆ ಸತ್ತಿತು. ಕುಂಡದಲ್ಲಿ ಗಿಡ ಇಟ್ಟು ನೀರು ನಿಲ್ಲಿಸಿ, ಪಕ್ಕದ ಗಿಡ ಸತ್ತು ಇದು ಹಸಿರಾಗಿದ್ದರೆ ಬರ ತಾಳುತ್ತೆ ಅಂತ ಪ್ರಬಂಧ ಬರೆದುಬಿಡುತ್ತಾರೆ. ಹಸಿರಾಗಿರೋಕೆ ಸುಲಭ ದಾರಿ ಪತ್ರರಂಧ್ರ ಮುಚ್ಚೋದು. ಮುಚ್ಚಿದರೆ ನೀರು ಉಳಿಯುತ್ತೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರಲ್ಲ, ಆಹಾರ ತಯಾರಾಗಲ್ಲ, ಎಲೆ ಬಿಸಿಯೂ ಆಗುತ್ತೆ. ಒಳ್ಳೇ ಮಳೆ ವರ್ಷದಲ್ಲಿ ಅದೇ ಗಿಡ ಪಕ್ಕದವರ ತಳಿಗಿಂತ ಕಡಿಮೆ ಕೊಟ್ಟರೆ ಯಾರು ಬಿತ್ತುತ್ತಾರೆ? ಹಾಗಾಗಿ ಬರ ತಾಳೋ ತಳಿ ಅಂತ ಯಾರೇ ಬಂದರೂ ಕೇಳಿ: ಯಾವ ಬರ? ಬಿತ್ತಿದ ಕೂಡಲೇ ಬಂದದ್ದೋ, ಹೂವಿನ ಹೊತ್ತಿಗೋ, ಕೊನೆಗೋ? ಒಳ್ಳೇ ವರ್ಷದ ಇಳುವರಿ ಎಷ್ಟು?

ರೊಟ್ಟಿಪ್ರಿಯ_ವಿಜಯಪುರ
ಮಾಲ್ದಂಡಿ ಹೆಸರು ಬಂತಲ್ರಿ, ನನಗ ಖುಷಿ ಆತು. ಆ ಜೋಳದ ರೊಟ್ಟಿ ಎರಡು ದಿನ ಇಟ್ರೂ ಮೆತ್ತಗಿರ್ತೈತಿ. ಹೈಬ್ರೀಡ್ ಜೋಳ ಚೀಲ ಜಾಸ್ತಿ ಕೊಡ್ತಾವ, ಆದ್ರ ಹಿಟ್ಟಿಗೆ ಜಿಗಿ ಇಲ್ಲ, ತಟ್ಟಿದ್ರ ಅಂಚು ಸೀಳ್ತೈತಿ. ಕಣಿಕೀನೂ ದನ ಮುಟ್ಟಂಗಿಲ್ಲ. ತಳಿ ಮಾಡೋರು ಒಮ್ಮೆ ನಮ್ಮ ಹೆಣ್ಣುಮಕ್ಕಳ ಮುಂದ ಹಿಟ್ಟು ಇಟ್ಟು ಕೇಳಬೇಕ್ರಿ.

ಮಟ್ಟುಗುಳ್ಳ
ಬದನೆ ಗಲಾಟೆ ಅಂತ ಒಂದೇ ಶಬ್ದದಲ್ಲಿ ಮುಗಿಸಿದ್ರಿ ಮಾರಾಯ್ರೆ. ನಮ್ಮ ಉಡುಪಿಯ ಮಟ್ಟುಗುಳ್ಳ ಬದನೆಗೂ ಬಿಟಿ ಹಾಕ್ಲಿಕ್ಕೆ ಹೊರಟಿದ್ದರು. ಸೋದೆ ವಾದಿರಾಜರು ಕೊಟ್ಟ ಬೀಜ ಅಂತ ನಾವು ನಂಬಿಕೊಂಡು ಬಂದ ಬೆಳೆ ಅದು, ಕೃಷ್ಣ ಮಠದ ಪರ್ಯಾಯಕ್ಕೆ ಬೇಕೇ ಬೇಕು. ಸ್ಥಳೀಯ ಬದನೆ ತಳಿಗಳನ್ನು ಜೀವವೈವಿಧ್ಯ ಮಂಡಳಿಯ ಅನುಮತಿ ಇಲ್ಲದೆ ಬಳಸಿದರು ಅಂತ ಕೇಸು ಕೂಡ ಆಯಿತು. 2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಕೊಟ್ಟರು, ಮರುವರ್ಷ ಗುಳ್ಳಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ತಳಿ ಯಾರದ್ದು ಅಂತ ಕೇಳಿಯೇ ಮುಂದೆ ಹೋಗಬೇಕು ಅಂತ ನಮಗೆ ಅನುಭವ ಉಂಟು.

ನಿರ್ವಾಹಕ
ಬದನೆ, ರೊಟ್ಟಿ ಬಗ್ಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿ ಬರ, ಚಳಿ, ಬೀಜ.

ನೆಬ್ರಾಸ್ಕದಿಂದ
ನಾನು ಹಾವೇರಿ ಕಡೆಯವನು, ಈಗ ಅಮೆರಿಕದ ನೆಬ್ರಾಸ್ಕದಲ್ಲಿ ಇದ್ದೇನೆ. ಸುತ್ತ ಎಲ್ಲಾ ಮೆಕ್ಕೆಜೋಳ, ನಮ್ಮೂರ ಹಾಗೆಯೇ. ಇಲ್ಲಿ ಡ್ರೌಟ್‌ಗಾರ್ಡ್ ಅನ್ನೋ ಕುಲಾಂತರಿ ಮೆಕ್ಕೆಜೋಳ 2013ರಿಂದ ಮಾರಾಟದಲ್ಲಿದೆ. ಎಲೆಮರೆಯವರು ಬರ ಚಳಿ ನಂಟು ಹೇಳಿದರಲ್ಲ, ಅದಕ್ಕೆ ಇದು ತಕ್ಕ ಉದಾಹರಣೆ. ಅದರಲ್ಲಿರೋದು ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನ್, ಆ ಬ್ಯಾಕ್ಟೀರಿಯಾ ಅದನ್ನು ಬಳಸೋದು ದಿಢೀರ್ ಚಳಿ ತಡೆಯೋಕೆ. ಮೆಕ್ಕೆಜೋಳದಲ್ಲಿ ಬರಕ್ಕೆ ಉಪಯೋಗಕ್ಕೆ ಬಂತು.

ಪವಾಡ ಏನೂ ಆಗಲಿಲ್ಲ. ಹದವಾದ ಬರದಲ್ಲಿ ಸ್ವಲ್ಪ ಉಳಿಸುತ್ತೆ, ಪೂರ್ತಿ ಒಣಗಿದರೆ ಇದೂ ಒಣಗುತ್ತೆ. ಅದೇ ಹೊತ್ತಿಗೆ ಬೇರೆ ಎರಡು ಕಂಪನಿಗಳು ಮಾಮೂಲಿ ತಳಿ ಅಭಿವೃದ್ಧಿಯಿಂದಲೇ ಬರ ತಾಳೋ ಹೈಬ್ರಿಡ್ ತಂದವು, ಅವೂ ಚೆನ್ನಾಗಿ ಹೋದವು. ಇಲ್ಲಿನ ರೈತ ಬೆಳೆ ವಿಮೆ, ಕೂಳೆ ಬಿಟ್ಟು ಉಳುಮೆ ಇಲ್ಲದೆ ಬಿತ್ತೋದು, ಹೊಂದೋ ಹೈಬ್ರಿಡ್, ಎಲ್ಲ ಸೇರಿಸಿ ಲೆಕ್ಕ ಹಾಕ್ತಾನೆ. ಬೀಜ ಒಂದನ್ನೇ ನಂಬಲ್ಲ.

ಕಬ್ಬಿನಗದ್ದೆ_ಮಂಡ್ಯ
ಕಬ್ಬಿಗೆ ಏನೂ ಇಲ್ವಾ? ನಾಲೆ ನೀರು ನಿಂತ್ರೆ ನಮ್ದು ಕಥೆ ಮುಗೀತು.

ಎಲೆಮರೆ
ಇಂಡೋನೇಷ್ಯಾದಲ್ಲಿ 2013ರಲ್ಲಿ ಬರ ತಾಳೋ ಕುಲಾಂತರಿ ಕಬ್ಬಿಗೆ ಅನುಮತಿ ಸಿಕ್ಕಿತ್ತು. ನಮ್ಮಲ್ಲಿ ಇಲ್ಲ. ಸದ್ಯಕ್ಕೆ ತರಗು ಸುಡದೆ ಸಾಲಿನಲ್ಲಿ ಹೊದಿಸಿ, ಹನಿ ನೀರಾವರಿ ಹಾಕಿ. ಅದರ ಲಾಭ ಯಾವ ಜೀನಿಗಿಂತಲೂ ದೊಡ್ಡದು.

ಕಾವೇರಿತಡಿ
ಬೀಜದ ಹಕ್ಕಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ನಾನೇ ಹೇಳ್ತೀನಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ, 39ನೇ ವಿಭಾಗ. ರೈತ ತನ್ನ ಬೆಳೆಯ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡ್ ಹೆಸರು ಹಾಕಿ ಮಾರಬಾರದು ಅಷ್ಟೇ. ಪೇಟೆಂಟ್ ಕಾಯ್ದೆಯ 3(ಜೆ) ಪ್ರಕಾರ ನಮ್ಮ ದೇಶದಲ್ಲಿ ಗಿಡಕ್ಕೂ ಬೀಜಕ್ಕೂ ಪೇಟೆಂಟ್ ಇಲ್ಲ. ಇದು ಹೋರಾಟದಿಂದ ಸಿಕ್ಕಿದ್ದು, ಯಾರೂ ಸುಮ್ಮನೆ ಕೊಟ್ಟಿದ್ದಲ್ಲ. ಪ್ರೊ. ನಂಜುಂಡಸ್ವಾಮಿ ಅವರ ರೈತ ಸಂಘ 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲ ಸುಟ್ಟಿದ್ದು ಈ ಭಯಕ್ಕೇ.

ಆದರೆ ಕ್ರಿಸ್ಪರ್ ಅನ್ನೋ ಕತ್ತರಿಗೇ ವಿದೇಶದಲ್ಲಿ ಪೇಟೆಂಟ್ ಇದೆ, ಅಮೆರಿಕದ ದೊಡ್ಡ ಸಂಸ್ಥೆಗಳು ಅದಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕಾದಾಡಿವೆ. ನಮ್ಮ ಸರ್ಕಾರಿ ಸಂಸ್ಥೆ ಅದನ್ನು ಬಳಸಿ ಮಾಡಿದ ತಳಿ ಮಾರಾಟಕ್ಕೆ ಬಂದಾಗ ಆ ಪರವಾನಗಿ ದುಡ್ಡು ಯಾರ ತಲೆ ಮೇಲೆ? ಅದನ್ನು ಬಿತ್ತನೆಗೆ ಮುಂಚೆಯೇ ಬರಹದಲ್ಲಿ ಹೇಳಬೇಕು.

ಸಿಂಧನೂರು_ಭತ್ತ
ಹೊಲ ಸುಟ್ಟಿದ್ದು ನಮ್ಮ ಸೀಮ್ಯಾಗ ಎಲ್ಲರಿಗೂ ನೆನಪೈತಿ. ಅದೇ ಸೀಮ್ಯಾಗ ಈಗ ಹತ್ತಿ ಅಂದ್ರ ಬಿಟಿನೇ. ರೈತ ತನಗ ಲಾಭ ಕಂಡ್ರ ಯಾರ ಮಾತೂ ಕೇಳಂಗಿಲ್ಲ, ಲುಕ್ಸಾನ ಕಂಡ್ರೂ ಕೇಳಂಗಿಲ್ಲ. ಕಾವೇರಿತಡಿ ಅಣ್ಣಾ, ಪ್ರಶ್ನೆ ಕೇಳ್ರಿ, ಆದ್ರ ಪ್ರಯೋಗನೇ ಬ್ಯಾಡ ಅನಬ್ಯಾಡ್ರಿ. ಸವಳು ಹೊಲ ಇಟ್ಕೊಂಡು ಕುಂತೋನಿಗೆ ಹತ್ತು ವರ್ಷ ಕಾಯೋ ತಾಕತ್ತಿಲ್ಲ.

ಕಾವೇರಿತಡಿ
ಪ್ರಯೋಗ ಬೇಡ ಅಂತ ನಾನು ಹೇಳಿಲ್ಲ. ಬಚ್ಚಿಟ್ಟು ಮಾಡಬೇಡಿ ಅಂತೀನಿ.

ನಿವೃತ್ತ_ಕೃಷಿ_ಅಧಿಕಾರಿ
ಮಾರುಕಟ್ಟೆಯ ಕಡೆಯೂ ನೋಡಬೇಕು. ಅರ್ಜೆಂಟೀನಾದಲ್ಲಿ ಸೂರ್ಯಕಾಂತಿಯ ಜೀನ್ ಹಾಕಿದ ಎಚ್‌ಬಿ4 ಗೋಧಿ, ಬರ ತಾಳೋದು, 2020ರಲ್ಲಿ ಒಪ್ಪಿಗೆ ಪಡೆಯಿತು. ಆದರೆ ಅವರ ಗೋಧಿ ಕೊಳ್ಳೋ ಬ್ರೆಜಿಲ್ ಒಪ್ಪೋವರೆಗೆ ಮಾರೋ ಹಾಗಿಲ್ಲ ಅಂತ ಷರತ್ತು. ಬ್ರೆಜಿಲ್ 2021ರಲ್ಲಿ ಅದರ ಹಿಟ್ಟಿಗೆ ಒಪ್ಪಿತು, ಆಮೇಲೆಯೇ ಅಲ್ಲಿ ಬಾಗಿಲು ತೆರೆದದ್ದು. ನಮ್ಮ ದೇಶ ಅಕ್ಕಿ ರಫ್ತಿನಲ್ಲಿ ದೊಡ್ಡದು. ಸೋನಾ ಮಸೂರಿ ಗಲ್ಫಿಗೆ, ಅಮೆರಿಕಕ್ಕೆ ಹೋಗುತ್ತೆ. ಜೀನ್ ತಿದ್ದಿದ ಭತ್ತ ಗಿರಣಿಯಲ್ಲಿ ಬೆರೆತರೆ ಕೊಳ್ಳೋರು ಏನಂತಾರೆ ಅಂತ ಮೊದಲೇ ತಿಳ್ಕೊಬೇಕು.

ಬಯಲುಹೊಲ_ಚಳ್ಳಕೆರೆ
ಎಲ್ಲರಿಗೂ ಧನ್ಯವಾದ. ತುಂಬಾ ತಿಳೀತು. ನನ್ನ ಅಭಿಪ್ರಾಯ ಹೇಳಿಬಿಡ್ತೀನಿ.

ಕುಲಾಂತರಿ ಆಗಲಿ, ಎಡಿಟ್ ಆಗಲಿ, ಅಡ್ಡ ಹಾಯಿಸಿದ್ದಾಗಲಿ, ನನಗೆ ಭೇದ ಇಲ್ಲ. ಆದರೆ ನಮ್ಮ ಕೆಂಪು ಮಸಾರಿ ನೆಲದಲ್ಲಿ, ನೀರು ಕೊಡದೆ, ಪಕ್ಕದ ಸಾಲಲ್ಲಿ ಟಿಎಂವಿ 2 ಇಟ್ಟು ಬೆಳೆದು ತೋರಿಸಬೇಕು. ಒಳ್ಳೇ ವರ್ಷದ ಲೆಕ್ಕ, ಕೆಟ್ಟ ವರ್ಷದ ಲೆಕ್ಕ ಎರಡೂ ಕೊಡಬೇಕು. ಹೊಟ್ಟು ಎಷ್ಟು, ಕಾಯಿ ಎಷ್ಟು, ನೂರು ಕಾಯಿ ಸುಲಿದರೆ ಕಾಳು ಎಷ್ಟು ಅಂತ ತೂಗಬೇಕು. ಸಂಶೋಧನಾ ಕೇಂದ್ರದ ಬೇಲಿಯೊಳಗೆ ಸ್ಪ್ರಿಂಕ್ಲರ್ ಇಟ್ಟು ಬೆಳೆದದ್ದು ನಮಗೆ ಬೇಡ. ನಮ್ಮ ಭಾಗಕ್ಕೆ ಹಿರಿಯೂರು ಬಬ್ಬೂರು ಫಾರಂ ಸಂಶೋಧನಾ ಕೇಂದ್ರ ಇದೆ. ಈ ಬೇಡಿಕೆ ಬರೆದು ಊರಿನವರ ಸಹಿ ಹಾಕಿಸಿ ಅಲ್ಲಿ ಕೊಡ್ತೀವಿ. ರೈತರ ಹೊಲದಲ್ಲೇ ಪ್ರಯೋಗ ಮಾಡೋದಾದರೆ ಜಾಗ ನಾನು ಕೊಡ್ತೀನಿ.

ಎಲೆಮರೆ
ಅದನ್ನು ಬರೆಯುವಾಗ ಕುಡಿ ಮಣ್ಣಿಗಿಳಿಯೋ ಹೊತ್ತಿನ ಬರ ಅಂತ ಸ್ಪಷ್ಟವಾಗಿ ಹಾಕಿ. ಸುಮ್ಮನೆ ಬರ ಅಂತ ಬರೆದರೆ ಕುಂಡದ ಲೆಕ್ಕ ತಂದು ತೋರಿಸುತ್ತಾರೆ. ಮೇಲ್ಮಣ್ಣು ಬಿರುಸಾಗೋದು ಜೀನಿಗೆ ಸಂಬಂಧವಿಲ್ಲದ ಸಮಸ್ಯೆಯೂ ಹೌದು, ಹಾಗಾಗಿ ಹೊಟ್ಟು ಹೊದಿಕೆ ಹಾಕಿದ ಸಾಲು ಒಂದು ಪಕ್ಕದಲ್ಲಿ ಇರಲಿ ಅಂತ ಕೇಳಿ. ಕರಡು ಇಲ್ಲಿ ಹಾಕಿ, ನಾನು ತಿದ್ದಿ ಕೊಡ್ತೀನಿ.

ಸಿಂಧನೂರು_ಭತ್ತ
ನಮ್ಮ ಡಿಎಸ್‌ಟಿ ಭತ್ತದ ಮಾತಿಗೆ ಬರ್ರಿ. ನಮ್ಮ ಹೊಲ ಉಪ್ಪಿಂದೋ ಕ್ಷಾರದ್ದೋ ನನಗ ಗೊತ್ತಿಲ್ಲ. ಎರಡೂ ಒಂದ ಅಲ್ಲೇನ್ರಿ?

ನಿವೃತ್ತ_ಕೃಷಿ_ಅಧಿಕಾರಿ
ಅಲ್ಲ ತಮ್ಮಾ, ಬೇರೆ ಬೇರೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಇಸಿ ಅಂತ ಇರುತ್ತೆ, ಕರಗಿದ ಉಪ್ಪಿನ ಅಳತೆ ಅದು, 4ಕ್ಕಿಂತ ಜಾಸ್ತಿ ಇದ್ದರೆ ಉಪ್ಪು. ಅದರ ಮದ್ದು ಬಸಿಗಾಲುವೆ ಮತ್ತು ಒಳ್ಳೇ ನೀರು ಕಟ್ಟಿ ತೊಳೆಯೋದು. ಪಿಎಚ್ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಕ್ಷಾರ. ಅದು ನೀರು ಇಂಗಿಸಿಕೊಳ್ಳಲ್ಲ, ಒಣಗಿದರೆ ಕಲ್ಲು. ಅದಕ್ಕೆ ಜಿಪ್ಸಂ ಹಾಕಿ ನೀರು ನಿಲ್ಲಿಸಿ ಬಸಿಯಬೇಕು. ಕ್ಷಾರದ ಹೊಲಕ್ಕೆ ಬರೀ ನೀರು ಕಟ್ಟಿ ತೊಳೆದರೆ ಇನ್ನೂ ಹಾಳಾಗುತ್ತೆ, ಹುಷಾರು. ಬಸಿಗಾಲುವೆ ಇಲ್ಲದೆ ಉಪ್ಪು ತಾಳೋ ಭತ್ತ ಹಾಕಿದರೆ ಮೇಲೆ ಮೇಲೆ ಉಪ್ಪು ಸೇರಿ ಕೊನೆಗೆ ಆ ಭತ್ತವೂ ಬರಲ್ಲ.

ಸಿಂಧನೂರು_ಭತ್ತ
ಚೀಟಿ ಮನ್ಯಾಗ ಐತ್ರಿ, ಹೋದ ವರ್ಷದ್ದು. ಪಿಎಚ್ 8.9, ಇಸಿ 2.1 ಅಂತ ಬರದೈತಿ.

ನಿವೃತ್ತ_ಕೃಷಿ_ಅಧಿಕಾರಿ
ಹಾಗಾದರೆ ಕ್ಷಾರದ ಕಡೆ ಇದೆ. ಸೋಡಿಯಂ ಪ್ರಮಾಣ ಬೇರೆ ಪರೀಕ್ಷೆ ಮಾಡಿಸು, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಕೆಲಸವೇ ನಡೆಯುತ್ತೆ. ಜಿಪ್ಸಂ ಎಷ್ಟು ಬೇಕು ಅಂತ ಅವರೇ ಲೆಕ್ಕ ಹಾಕಿ ಹೇಳ್ತಾರೆ. ಮಣ್ಣು ತೆಗೆಯುವಾಗ ಬಿಳಿ ಕಟ್ಟಿದ ಜಾಗದ್ದೇ ಬೇರೆ ಚೀಲ, ಚೆನ್ನಾಗಿರೋ ಜಾಗದ್ದು ಬೇರೆ ಚೀಲ ಮಾಡು, ಎರಡನ್ನೂ ಬೆರೆಸಬೇಡ.